ಹೊಟ್ಟೆಯೊಳಗಿನ ಮಗು ಚೆನ್ನಾಗಿದೆಯಾ? ಕೊನೆಯ ತಿಂಗಳುಗಳ ಪರೀಕ್ಷೆಗಳ ಬಗ್ಗೆ ಟಿಪ್ಪಣಿ

ಎನ್‌ಎಸ್‌ಟಿ (ಮಗುವಿನ ಎದೆಬಡಿತದ ಗೆರೆ ನೋಡುವುದು), ಬಿಪಿಪಿ (ಅದರ ಜೊತೆ ಸ್ಕ್ಯಾನ್ ಸೇರಿಸಿ ಅಂಕ ಕೊಡುವುದು), ಡಾಪ್ಲರ್ (ರಕ್ತದ ಹರಿವು ನೋಡುವುದು) ಎಲ್ಲವನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಲು ಹೋಗಿ ನಾನು ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಒಂದೇ ಪ್ರಶ್ನೆ ಇಟ್ಟುಕೊಂಡು ಓದಿದೆ: ಆಮ್ಲಜನಕ ಸಾಲದೇ ಹೋದಾಗ ಮಗು ಯಾವುದನ್ನು ಮೊದಲು ಬಿಡುತ್ತದೆ, ಯಾವುದನ್ನು ಕೊನೆಗೆ? ಕೈ ಬಿಗಿಯಾದಾಗ ಮನೆ ಖರ್ಚನ್ನು ಒಂದೊಂದಾಗಿ ಕಡಿಮೆ ಮಾಡುತ್ತೇವಲ್ಲ, ಹಾಗೆಯೇ ಇದು.

ಎಲ್ಲಕ್ಕಿಂತ ಹಳೆಯ ಪರೀಕ್ಷೆ ತಾಯಿಯದೇ, ಮಗುವಿನ ಮಿಸುಕಾಟ ಎಣಿಸುವುದು. ಎಡಮಗ್ಗುಲಿಗೆ ಮಲಗಿ ಗಮನಿಸಿದಾಗ 2 ಗಂಟೆಯೊಳಗೆ 10 ಸಲ ಮಿಸುಕಿದರೆ ಸರಿ ಎನ್ನುವುದು ಹೆಚ್ಚಾಗಿ ಬಳಸುವ ಲೆಕ್ಕ. ಬಿಕ್ಕಳಿಕೆ ಲೆಕ್ಕಕ್ಕಿಲ್ಲ. ಸಂಖ್ಯೆಗಿಂತ ಮುಖ್ಯವಾದದ್ದು, ಆ ಮಗುವಿನ ಮಾಮೂಲಿ ಓಡಾಟದಲ್ಲಿ ಬದಲಾವಣೆ ಆಗಿದೆಯೇ ಎಂಬುದು. 'ದಿನ ತುಂಬಿದ ಮೇಲೆ ಜಾಗ ಸಾಲದೆ ಮಗು ಸುಮ್ಮನಾಗುತ್ತದೆ' ಎನ್ನುವ ಮಾತನ್ನು ದಯವಿಟ್ಟು ಮರೆತುಬಿಡಿ. ಒದೆಯುವ ರೀತಿ ಬದಲಾಗಬಹುದು, ಮಿಸುಕಾಟ ಕಡಿಮೆ ಆಗಬಾರದು. ಕಡಿಮೆ ಅನ್ನಿಸಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲೇ ಡಾಪ್ಲರ್ ಯಂತ್ರ ಇಟ್ಟುಕೊಂಡು 'ಎದೆಬಡಿತ ಕೇಳಿಸ್ತಿದೆ, ಪರವಾಗಿಲ್ಲ' ಅಂದುಕೊಳ್ಳುವುದು ಅಪಾಯ. ತೊಂದರೆಯಲ್ಲಿರುವ ಮಗುವಿಗೂ ಎದೆಬಡಿತ ಇರುತ್ತದೆ, ಅಲ್ವಾ?

ಎನ್‌ಎಸ್‌ಟಿಯಲ್ಲಿ ಹೊಟ್ಟೆಗೆ ಬೆಲ್ಟ್ ಕಟ್ಟಿ ಬಡಿತದ ಗೆರೆ ನೋಡುತ್ತಾರೆ. ಮೂಲ ಬಡಿತ ನಿಮಿಷಕ್ಕೆ 110ರಿಂದ 160. ಆರೋಗ್ಯವಾಗಿರುವ ಮಗು ಮಿಸುಕಿದಾಗ ಬಡಿತ ಏರುತ್ತದೆ. 32 ವಾರ ದಾಟಿದ ಮೇಲೆ, 20 ನಿಮಿಷದಲ್ಲಿ ಕನಿಷ್ಠ 2 ಸಲ, 15 ಬಡಿತದಷ್ಟು ಏರಿ 15 ಸೆಕೆಂಡ್ ಇದ್ದರೆ ಅದು 'ರಿಯಾಕ್ಟಿವ್', ಅಂದರೆ ಸರಿ ಇದೆ. ಅದಕ್ಕೂ ಮುಂಚೆ 10 ಬಡಿತ, 10 ಸೆಕೆಂಡ್ ಸಾಕು. ಏರಿಕೆ ಕಾಣದಿದ್ದರೆ ಗಾಬರಿ ಬೇಡ, ಮಗು ನಿದ್ದೆಯಲ್ಲಿರಬಹುದು. ಅದಕ್ಕೇ 40 ನಿಮಿಷದವರೆಗೂ ಕಾಯುವುದು.

ಬಿಪಿಪಿ ನನಗೆ ಬಹಳ ಇಷ್ಟವಾದ ಪರೀಕ್ಷೆ. 1980ರಲ್ಲಿ ಮ್ಯಾನಿಂಗ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಎನ್‌ಎಸ್‌ಟಿ ಜೊತೆಗೆ ಸ್ಕ್ಯಾನ್‌ನಲ್ಲಿ ಮಗುವಿನ ಉಸಿರಾಟದ ಚಲನೆ, ಮೈ ಅಲುಗಾಟ, ಸ್ನಾಯುಗಳ ಬಿಗಿ ಮತ್ತು ಸುತ್ತಲಿನ ನೀರು ನೋಡುತ್ತಾರೆ. ಒಂದೊಂದಕ್ಕೆ 2 ಅಥವಾ 0 ಅಂಕ, ನಡುವಿನ 1 ಇಲ್ಲವೇ ಇಲ್ಲ; ಐದೂ ಸೇರಿ ಒಟ್ಟು 10. ಸ್ನಾಯುವಿನ ಬಿಗಿ ಸುಮಾರು 8ನೇ ವಾರಕ್ಕೇ ಶುರುವಾಗುತ್ತದೆ, ಆಮೇಲೆ ಅಲುಗಾಟ, ಆಮೇಲೆ ಉಸಿರಾಟ, ಎಲ್ಲಕ್ಕಿಂತ ಕೊನೆಗೆ ಬಡಿತದ ಏರಿಕೆ. ಆಮ್ಲಜನಕ ಕಡಿಮೆಯಾದಾಗ ಇದೇ ಸಾಲು ತಿರುಗಾಮುರುಗಾ. ಕೊನೆಗೆ ಬಂದದ್ದು ಮೊದಲು ಹೋಗುತ್ತದೆ. ಹಾಗಾಗಿ ಬಿಗಿಯೇ ಹೋಗಿದೆ ಎಂದರೆ ಪರಿಸ್ಥಿತಿ ಬಹಳ ಕೆಟ್ಟಿದೆ ಎಂದರ್ಥ.

ನೀರಿನ ಕಥೆ ಬೇರೆ. ಈ ಹೊತ್ತಿಗೆ ಅದರಲ್ಲಿ ಹೆಚ್ಚಿನ ಪಾಲು ಮಗುವಿನ ಮೂತ್ರವೇ. ಆಮ್ಲಜನಕದ ಕೊರತೆ ಬಹಳ ದಿನ ನಡೆದರೆ ರಕ್ತ ಮೆದುಳು, ಹೃದಯದ ಕಡೆಗೆ ತಿರುಗಿ ಮೂತ್ರಪಿಂಡಕ್ಕೆ ಕಡಿಮೆಯಾಗುತ್ತದೆ. ನೀರೂ ಇಳಿಯುತ್ತದೆ. ಎನ್‌ಎಸ್‌ಟಿ ಈಗಿನ ಸ್ಥಿತಿ ಹೇಳಿದರೆ ನೀರು ಕಳೆದ ದಿನಗಳದ್ದನ್ನು ಹೇಳುತ್ತದೆ. ಸ್ಕ್ಯಾನ್‌ನಲ್ಲಿ ಕಾಣುವ ನೀರಿನ ಅತಿ ಆಳದ ಗುಳಿ 2 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಒಟ್ಟು ಅಂಕ ಎಷ್ಟೇ ಇರಲಿ, ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಹೊಕ್ಕುಳಬಳ್ಳಿಯ ಡಾಪ್ಲರ್ ಎಲ್ಲರಿಗೂ ಬೇಕಿಲ್ಲ, ಬೆಳವಣಿಗೆ ಕುಂಠಿತವಾದ ಮಗುವಿಗೆ ಇದು ತುಂಬ ಉಪಯುಕ್ತ. ಎರಡು ಬಡಿತಗಳ ನಡುವೆ ರಕ್ತ ಹರಿಯುವುದು ನಿಂತರೆ ಗಂಭೀರ, ಹಿಂದಕ್ಕೆ ಹರಿದರೆ ಇನ್ನೂ ಗಂಭೀರ.

ಇದನ್ನು ಓದುವಾಗ ನಾವೆಲ್ಲ ಎಡವುವುದು ಇಲ್ಲಿ: ಫಲಿತಾಂಶ ಚೆನ್ನಾಗಿದ್ದರೆ ಅದನ್ನು ನಂಬಬಹುದು, ಕೆಟ್ಟದಾಗಿದ್ದರೆ ಅಷ್ಟು ನಂಬುವ ಹಾಗಿಲ್ಲ. ಎನ್‌ಎಸ್‌ಟಿ ಸರಿ ಬಂದ ಒಂದು ವಾರದೊಳಗೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವುದು 1,000ಕ್ಕೆ ಸುಮಾರು 1.9. ಬಿಪಿಪಿಗೆ 0.8. ಆದರೆ ಸುಳ್ಳು ಎಚ್ಚರಿಕೆಗಳು ಜಾಸ್ತಿ. ಅದಕ್ಕೇ ಒಂದು ಕೆಟ್ಟ ಎನ್‌ಎಸ್‌ಟಿ ನೋಡಿದ ತಕ್ಷಣ ಹೆರಿಗೆಗೆ ಹೊರಡದೆ ಸಾಮಾನ್ಯವಾಗಿ ಬಿಪಿಪಿ ಮಾಡುತ್ತಾರೆ. 8 ಅಥವಾ 10 ಬಂದರೆ ಸಾಮಾನ್ಯವಾಗಿ ನಿರಾಳ. 6 ಬಂದರೆ ಅನುಮಾನ: 37 ವಾರ ತುಂಬಿದ್ದರೆ ಹೆರಿಗೆಯ ಯೋಚನೆ, ಇಲ್ಲದಿದ್ದರೆ 24 ಗಂಟೆಯಲ್ಲಿ ಮತ್ತೊಮ್ಮೆ. 4 ಅಥವಾ ಕಡಿಮೆ ಬಂದರೆ ಸಾಮಾನ್ಯವಾಗಿ ಹೆರಿಗೆಯೇ ದಾರಿ, ವಾರ ತೀರಾ ಕಡಿಮೆ ಇದ್ದರೆ ಮಾತ್ರ ಅಳೆದು ತೂಗಿ ನಿರ್ಧಾರ.

ಈ 1.9, 0.8 ಸೊನ್ನೆ ಅಲ್ಲ. ಮಾಸು ದಿಢೀರನೆ ಕಳಚುವುದನ್ನು, ಬಳ್ಳಿ ಒತ್ತಿಹೋಗುವುದನ್ನು ಯಾವ ಪರೀಕ್ಷೆಯೂ ಮೊದಲೇ ಹೇಳುವುದಿಲ್ಲ. ನಿನ್ನೆಯ ಗೆರೆ ಚೆನ್ನಾಗಿದ್ದರೂ, ಇವತ್ತು ಮಿಸುಕಾಟ ಕಡಿಮೆ ಎಂದು ತಾಯಿ ಹೇಳಿದರೆ ಬೆಲ್ಟ್ ಮತ್ತೆ ಕಟ್ಟಬೇಕು.