ಉಪ್ಪು ಬರುವುದು ಬೇಸಗೆಗೆ: ಕಡಲ ಬದಿಯ ತರಕಾರಿ ಸಾಲಿನ ಟಿಪ್ಪಣಿ

ಕೃಷಿ ಪುಸ್ತಕದ ಉಪ್ಪು ಮಣ್ಣಿನ ಪಾಠ ಓದಿ ಮುಗಿಸುವಾಗ ನಮ್ಮ ತಲೆಯಲ್ಲಿ ಉಳಿಯುವುದು ಒಂದೇ ಪದ: ಜಿಪ್ಸಂ. ಕಾಸರಗೋಡಿನ ಕುಂಬಳೆ, ಶಿರಿಯ, ಮೊಗ್ರಾಲ್ ಕಡೆಯ ಹೊಳೆಬದಿ ಗದ್ದೆಗೆ ಅದು ಮದ್ದೇ ಅಲ್ಲ. ಪುಸ್ತಕ ಎರಡು ಬೇರೆ ರೋಗಗಳನ್ನು ಒಂದೇ ಅಧ್ಯಾಯದಲ್ಲಿ ಹಾಕಿದೆ, ಅಲ್ಲೇ ಗೊಂದಲ.

ಕ್ಷಾರ ಮಣ್ಣಿನಲ್ಲಿ ಸೋಡಿಯಂ ಜೇಡಿಗೆ ಅಂಟಿಕೊಂಡಿರುತ್ತದೆ. ಪಿಎಚ್ 8.5ಕ್ಕಿಂತ ಮೇಲೆ. ಅಂಟಿದ್ದನ್ನು ಬಿಡಿಸಲು ಕ್ಯಾಲ್ಸಿಯಂ ಬೇಕು, ಅದಕ್ಕೆ ಜಿಪ್ಸಂ. ಉಪ್ಪು ಮಣ್ಣಿನಲ್ಲಿ ಉಪ್ಪು ನೀರಿನಲ್ಲಿ ಕರಗಿಕೊಂಡೇ ಇರುತ್ತದೆ. ಉಪ್ಪಿನ ಪ್ರಮಾಣ ತೋರಿಸುವ ವಿದ್ಯುತ್ ವಾಹಕತೆ, ಅಂದರೆ ಇ.ಸಿ., ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಆ ಹೆಸರು. ಇದಕ್ಕೆ ಒಳ್ಳೆ ನೀರಿನಿಂದ ತೊಳೆಯುವುದೇ ದಾರಿ. ನಮ್ಮಲ್ಲಿ ಆ ಕೆಲಸವನ್ನು ಮಳೆಗಾಲ ವರ್ಷವರ್ಷ ಪುಕ್ಕಟೆ ಮಾಡಿಕೊಡುತ್ತದೆ. ಮಳೆ ನಿಂತು ಹೊಳೆ ಸೊರಗಿದ ಮೇಲೆ ಉಬ್ಬರದ ನೀರು ಮೇಲೇರುತ್ತದೆ, ಬಾವಿಗೂ ಇಳಿಯುತ್ತದೆ. ಅಂದರೆ ಉಪ್ಪು ಇಲ್ಲಿ ಒಕ್ಕಲಲ್ಲ, ಬೇಸಗೆಯ ನೆಂಟ.

ಇದು ಗೊತ್ತಿಲ್ಲದೆ ನಾನು ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮಣ್ಣು ತೆಗೆದು ಪರೀಕ್ಷೆಗೆ ಕೊಟ್ಟಿದ್ದೆ. ಜಡಿಮಳೆಯಲ್ಲಿ ತೊಳೆದ ಮಣ್ಣು! ವರದಿ ಚೆನ್ನಾಗಿಯೇ ಬಂತು. ಮಾರ್ಚಿನಲ್ಲಿ ಬೀನ್ಸ್ ಎಲೆಯ ಅಂಚು ಬೆಂಕಿಗೆ ಹಿಡಿದ ಹಾಗೆ ಸುಟ್ಟಿತು. ಬುಡ ಒದ್ದೆ ಇದ್ದರೂ ಮಧ್ಯಾಹ್ನಕ್ಕೆ ಗಿಡ ಬಾಡುತ್ತಿತ್ತು. ನೀರು ಸಾಲದು ಅಂತ ಅದೇ ಬಾವಿಯಿಂದ ಇನ್ನೂ ಎರಡು ಕೊಡ ಸುರಿದೆ.

ಒದ್ದೆ ಮಣ್ಣಿನಲ್ಲಿ ಗಿಡ ಬಾಡುವುದು ಯಾಕೆ? ಮಾವಿನ ಮಿಡಿಗೆ ಉಪ್ಪು ಹಾಕಿಟ್ಟರೆ ಮಿಡಿ ಚಿರುಟಿ ಭರಣಿಯಲ್ಲಿ ನೀರು ಬಿಡುತ್ತದಲ್ವಾ, ಬೇರಿನದ್ದೂ ಅದೇ ಕಥೆ. ಹೊರಗೆ ಉಪ್ಪು ಜಾಸ್ತಿಯಾದಷ್ಟು ನೀರು ಎಳೆದುಕೊಳ್ಳುವುದು ಕಷ್ಟ. ಎಲೆ ಸುಡುವುದು ಎರಡನೆಯ ಹಂತ, ಒಳಗೆ ಸೇರಿದ ಸೋಡಿಯಂ ಮತ್ತು ಕ್ಲೋರೈಡಿನ ವಿಷ.

ಒಂದು ಲೆಕ್ಕ ಮಾಡಿ ನೋಡಿ. ಇ.ಸಿ. 1 ಇದ್ದರೆ ಲೀಟರಿಗೆ ಸುಮಾರು 0.64 ಗ್ರಾಂ ಉಪ್ಪು. ಬಾವಿ ನೀರು 2 ಇದೆ ಅಂತಿಟ್ಟುಕೊಳ್ಳಿ. ಬುಡಕ್ಕೆ ದಿನಕ್ಕೆ 5 ಲೀಟರಿನಂತೆ 60 ದಿನ ಹೊಯ್ದರೆ 300 ಲೀಟರ್, ಅದರಲ್ಲಿ 384 ಗ್ರಾಂ ಉಪ್ಪು. ಗಿಡ ನೀರನ್ನು ಕುಡಿದು ಉಪ್ಪಿನ ಹೆಚ್ಚಿನ ಪಾಲನ್ನು ಮಣ್ಣಲ್ಲೇ ಬಿಡುತ್ತದೆ. ನಾನು ಸುರಿದ ಎರಡು ಕೊಡದ ಕಥೆ ಅರ್ಥವಾಯಿತಲ್ಲ.

ಬೆಳೆ ಆಯ್ಕೆಗೆ ಎರಡು ಅಂಕಿ ಬೇಕು: ಯಾವ ಇ.ಸಿ.ಯವರೆಗೆ ಬೆಳೆ ತಡೆಯುತ್ತದೆ, ಆಮೇಲೆ ಪ್ರತಿ ಒಂದಕ್ಕೆ ಎಷ್ಟು ಇಳುವರಿ ಬೀಳುತ್ತದೆ. ಬೀನ್ಸಿಗೆ 1.0 ಮತ್ತು ಶೇ. 19. ಸೌತೆಗೆ 2.5 ಮತ್ತು ಶೇ. 13. ಟೊಮೆಟೊಗೆ 2.5 ಮತ್ತು ಶೇ. 9.9. ಬದನೆಗೆ 1.1 ಮತ್ತು ಶೇ. 6.9. ಮೊದಲ ಅಂಕಿ ನೋಡಿದರೆ ಬದನೆ ತೀರಾ ನಾಜೂಕು ಅನಿಸುತ್ತದೆ. ಆದರೆ ಮಣ್ಣು 5ಕ್ಕೆ ಹೋದಾಗ ಸೌತೆ ಶೇ. 32.5ರಷ್ಟು ಕಳೆದುಕೊಂಡರೆ ಬದನೆ ಶೇ. 27 ಮಾತ್ರ. ಬೀನ್ಸ್ ಶೇ. 76! ಅಲಸಂಡೆ ಕಾಳಿನ ಬೆಳೆ 4.9ರವರೆಗೂ ತಡೆಯುತ್ತದೆ. ಬೀನ್ಸ್ ಬಿಟ್ಟು ಅಲಸಂಡೆ ಹಾಕಿ ಅಂತ ನಾನು ಹೇಳುವುದು ಇದಕ್ಕೇ.

ಇಲ್ಲೊಂದು ಎಡವಟ್ಟು ಇದೆ. ಈ ಅಂಕಿಗಳು ಮಣ್ಣನ್ನು ನೀರಿನಲ್ಲಿ ಕೆಸರಿನಂತೆ ಕಲಸಿ ಹಿಂಡಿ ತೆಗೆದ ರಸದ ಇ.ಸಿ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಒಂದು ಪಾಲು ಮಣ್ಣಿಗೆ ಎರಡು, ಎರಡೂವರೆ ಪಾಲು ನೀರು ಹಾಕುತ್ತಾರೆ, ತೆಳ್ಳಗಾಗಿ ಅಂಕಿ ಚಿಕ್ಕದಾಗುತ್ತದೆ. ಹೊಯ್ಗೆ ಮಣ್ಣಿನಲ್ಲಂತೂ ವ್ಯತ್ಯಾಸ ಜಾಸ್ತಿ. ವರದಿಯ 1 ಅನ್ನು ಪಟ್ಟಿಯ 1ರ ಎದುರು ಇಟ್ಟು ನೋಡಬೇಡಿ.

ಇನ್ನು ಗದ್ದೆಗೆ ಇಳಿಯೋಣ. ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದ ಕೂಡಲೇ ಬೀಜ ಹಾಕಿ. ಮೊಳಕೆ ಮತ್ತು ಎಳೆ ಸಸಿಗೆ ಉಪ್ಪು ತಡೆಯುವ ಶಕ್ತಿ ಕಮ್ಮಿ, ಆ ದಿನಗಳು ಸಿಹಿನೀರಿನಲ್ಲೇ ಕಳೆಯಲಿ. ಹೊಳೆಗೆ ಹೊತ್ತಿಗೆ ಸರಿಯಾಗಿ ಕಟ್ಟ (ತಾತ್ಕಾಲಿಕ ಒಡ್ಡು) ಹಾಕುವ ಊರಿನವರಿಗೆ ಸಿಹಿನೀರು ಇನ್ನಷ್ಟು ದಿನ ಸಿಗುತ್ತದೆ.

ಏರಿಯ ನೆತ್ತಿಯಲ್ಲಿ ಗಿಡ ನೆಡಬೇಡಿ. ಎರಡೂ ಬದಿಯ ಕಣಿಯ (ಸಣ್ಣ ಕಾಲುವೆಯ) ನೀರು ಮಣ್ಣಿನಲ್ಲಿ ಮೇಲೇರಿ ನೆತ್ತಿಯಲ್ಲಿ ಆರುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಬೇಸಗೆಯಲ್ಲಿ ಕಾಣುವ ಬಿಳಿ ಗೆರೆ ಅದೇ. ಓರೆಯ ನಡುವೆ ನೆಟ್ಟರೆ ಬೇರು ಆ ಗೆರೆಯಿಂದ ದೂರ ಉಳಿಯುತ್ತದೆ.

ದರಗು (ಒಣ ಎಲೆ) ಹಾಸಿದರೆ ಮಣ್ಣು ಬೇಗ ಒಣಗುವುದಿಲ್ಲ. ಮಣ್ಣಿನ ನೀರು ಅರ್ಧ ಆರಿದರೆ ಉಳಿದ ನೀರಿನ ಉಪ್ಪು ಇಮ್ಮಡಿ. ಹಾಗಾಗಿ ಮೂರು ದಿನಕ್ಕೊಮ್ಮೆ ಸುರಿಯುವ ಬದಲು ದಿನಾ ಸ್ವಲ್ಪ ಕೊಡುವುದು ಮೇಲು, ಅದೂ ಬುಡಕ್ಕೆ, ಎಲೆಗೆ ಬೀಳದ ಹಾಗೆ. ಬಾವಿಯಲ್ಲಿ ಸಿಹಿನೀರು ಹಗುರವಾಗಿ ಮೇಲೆ, ಉಪ್ಪುನೀರು ಕೆಳಗೆ. ಪಂಪನ್ನು ಗಂಟೆಗಟ್ಟಲೆ ಓಡಿಸಿದರೆ ಕೆಳಗಿನದ್ದು ಮೇಲೆ ಬರುತ್ತದೆ. ಸ್ವಲ್ಪ ಎಳೆದು ನಿಲ್ಲಿಸಿ, ಮತ್ತೆ ಎಳೆಯಿರಿ.

ತೆಂಗಿನ ನಾರಿನ ಹುಡಿಯನ್ನು ಹಾಸಲು ತರುವವರು ಮೊದಲು ಅದನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಯಿರಿ. ಅದರಲ್ಲೇ ಉಪ್ಪು ಇರುತ್ತದೆ. ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಸಿದ್ದಾದರೆ ಕೇಳುವುದೇ ಬೇಡ.