ಟರ್ನ್‌ಅರೌಂಡ್ ಟೈಮ್: ಮರಳುವುದಕ್ಕೊಂದು ಮುಹೂರ್ತ

ಹೊರಡುವಾಗ ನಾವು ರಾಹುಕಾಲ, ಗುಳಿಕಕಾಲ ಎಲ್ಲ ನೋಡುತ್ತೇವೆ. ವಾಪಸು ಬರುವುದಕ್ಕೆ ಯಾರೂ ಪಂಚಾಂಗ ತೆಗೆಯುವುದಿಲ್ಲ. ಎತ್ತರದ ಪರ್ವತ ಹತ್ತುವವರು ಮಾತ್ರ ಹೊರಡುವ ಮೊದಲೇ ಮರಳುವ ಗಳಿಗೆ ಗೊತ್ತುಮಾಡಿಕೊಳ್ಳುತ್ತಾರೆ. ಅದೇ ಟರ್ನ್‌ಅರೌಂಡ್ ಟೈಮ್. ಆ ಹೊತ್ತಿಗೆ ಶಿಖರ ಸಿಕ್ಕಿರಲಿ, ಸಿಗದಿರಲಿ, ಎಲ್ಲಿದ್ದೀರೋ ಅಲ್ಲಿಂದಲೇ ಇಳಿಯಬೇಕು. ತುದಿ ಕಣ್ಣೆದುರೇ ಇದ್ದರೂ ಅಷ್ಟೇ.

(ಬೆಂಗಳೂರಿನ ಆಫೀಸುಗಳಲ್ಲಿ ಇದೇ ಮಾತಿಗೆ ಬೇರೆ ಅರ್ಥ: ಒಪ್ಪಿಸಿದ ಕೆಲಸ ಮುಗಿಸಿ ಕೊಡಲು ಹಿಡಿಯುವ ಸಮಯ. ಅಲ್ಲಿ ಬೇಗ ಮುಗಿಸುವುದು ಮುಖ್ಯ, ಇಲ್ಲಿ ಮುಗಿಯದಿದ್ದರೂ ಬಿಟ್ಟು ಬರುವುದು.)

ಗಂಟೆ ನಿಗದಿಯಾಗುವುದು ಉಸಿರಿನ ಲೆಕ್ಕದಿಂದ. ಎವರೆಸ್ಟ್‌ನ ನೇಪಾಳದ ಬದಿಯಲ್ಲಿ ಸುಮಾರು 7,900 ಮೀಟರ್ ಎತ್ತರದ ಸೌತ್ ಕೋಲ್ ಎಂಬ ಕಣಿವೆದಾರಿಯ ಕೊನೆಯ ಶಿಬಿರದಿಂದ ನಡುರಾತ್ರಿಯ ಹೊತ್ತಿಗೆ ಹೊರಡುವುದು ವಾಡಿಕೆ. 1996ರಲ್ಲಿ ಅಲ್ಲಿಂದ ಹತ್ತಿದವರ ಪಾಲಿಗೆ ತಲಾ ಮೂರು ಆಮ್ಲಜನಕದ ಸಿಲಿಂಡರ್. ಒಂದೊಂದು ಐದಾರು ತಾಸು ಬಂದರೆ ಸಂಜೆ ನಾಲ್ಕೈದು ಗಂಟೆಗೆ ಎಲ್ಲವೂ ಖಾಲಿ. ಇಳಿಯುವುದಕ್ಕೂ ಅದರಲ್ಲೇ ಉಳಿಸಬೇಕು. ಹಾಗಾಗಿ ಮಧ್ಯಾಹ್ನ ಒಂದು, ಹೆಚ್ಚೆಂದರೆ ಎರಡು ಗಂಟೆ ಎಂಬ ಗಡುವು.

ಇದನ್ನು ಕೆಳಗಿದ್ದಾಗಲೇ ಏಕೆ ತೀರ್ಮಾನಿಸಬೇಕು? ಮೇಲೆ ಹೋದಾಗ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಒಂದು ಪಾಲು. ಅಲ್ಲಿ ಬುದ್ಧಿ ಮಂಕಾಗುತ್ತದೆ, ಆಸೆ ಮಾತ್ರ ಮಂಕಾಗುವುದಿಲ್ಲ. ಮೇಲಿರುವ ನಿಮ್ಮನ್ನು ಕೆಳಗಿದ್ದ ನೀವೇ ಕಟ್ಟಿಹಾಕುವ ಉಪಾಯ ಇದು.

1996ರ ಮೇ 10ರಂದು ಆ ಕಟ್ಟು ಸಡಿಲವಾಯಿತು. ನ್ಯೂಜಿಲೆಂಡ್‌ನ ರಾಬ್ ಹಾಲ್ ಮತ್ತು ಅಮೆರಿಕದ ಸ್ಕಾಟ್ ಫಿಶರ್, ಇಬ್ಬರೂ ಪಳಗಿದ ನಾಯಕರು, ಹಣ ಕೊಟ್ಟು ಬಂದವರನ್ನು ಹತ್ತಿಸುತ್ತಿದ್ದರು. ಮೇಲ್ಭಾಗದಲ್ಲಿ ಹಿಡಿದು ಹತ್ತುವ ಹಗ್ಗ ಮೊದಲೇ ಕಟ್ಟಿರಲಿಲ್ಲ, ಸಾಲುಗಟ್ಟಿ ಕಾಯಬೇಕಾಯಿತು. ಫಿಶರ್ ತುದಿ ಮುಟ್ಟುವಾಗ ಮೂರೂಮುಕ್ಕಾಲು. ಹಾಲ್‌ನ ತಂಡದ ಡಗ್ ಹ್ಯಾನ್ಸನ್ ತಲುಪುವಾಗ ನಾಲ್ಕು ದಾಟಿತ್ತು. ಹಾಲ್ ಅಲ್ಲಿಯೇ ಕಾದಿದ್ದ. ಸಂಜೆ ಬಿರುಗಾಳಿ ಎದ್ದಿತು. ಮೂವರೂ ಉಳಿಯಲಿಲ್ಲ. ಎರಡು ದಿನಗಳಲ್ಲಿ ಆ ಪರ್ವತದ ಮೇಲೆ ಸತ್ತವರು ಎಂಟು ಮಂದಿ. ಟಿಬೆಟ್ ಬದಿಯಿಂದ ಹತ್ತಿದ ನಮ್ಮ ಐಟಿಬಿಪಿಯ (ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ) ಮೂವರೂ ಆ ಲೆಕ್ಕದಲ್ಲಿದ್ದಾರೆ. ಅವರ ಜೊತೆ ಹೊರಟಿದ್ದ ಇನ್ನು ಮೂವರು ನಡುವೆಯೇ ಹಿಂತಿರುಗಿದ್ದರು.

ಹಾಲ್‌ಗೆ ಗಡುವಿನ ಬೆಲೆ ಗೊತ್ತಿರಲಿಲ್ಲವೆಂದಲ್ಲ. ಹಿಂದಿನ ವರ್ಷ ಇದೇ ಹ್ಯಾನ್ಸನ್‌ನನ್ನು ತುದಿಗೆ ಸ್ವಲ್ಪವೇ ಕೆಳಗಿನಿಂದ ವಾಪಸು ಕರೆತಂದಿದ್ದವನೂ ಅವನೇ, ಮತ್ತೊಮ್ಮೆ ಬಾ ಎಂದು ಒತ್ತಾಯಿಸಿದವನೂ ಅವನೇ. ಎರಡನೇ ಸಲವೂ ‘ಬೇಡ’ ಎನ್ನಲು ನಾಲಿಗೆ ಬರಲಿಲ್ಲವೇನೋ. ಇದು ನನ್ನ ಊಹೆ. ಆದರೆ ಗಡುವು ಒಂದು ಗಂಟೆಯೋ ಎರಡು ಗಂಟೆಯೋ ಎಂದು ಅವನು ಖಚಿತವಾಗಿ ಸಾರಿರಲಿಲ್ಲ ಎಂಬುದನ್ನು ಬದುಕಿ ಬಂದವರೇ ಹೇಳಿದ್ದಾರೆ. ಮೇಲೆ ತನ್ನ ಮಾತೇ ಅಂತಿಮ, ವಾದ ಕೂಡದು ಎಂದು ಮಾತ್ರ ಮೊದಲೇ ತಾಕೀತು ಮಾಡಿದ್ದ. ನನ್ನ ಕಣ್ಣಿಗೆ ದೊಡ್ಡ ಬಿರುಕು ಇಲ್ಲಿದೆ. ಗಡುವು ನಾಯಕನ ಜೇಬಿನಲ್ಲೇ ಉಳಿದರೆ, ಅವನು ಮೀರಿದಾಗ ‘ಅಣ್ಣಾ, ಹೊತ್ತಾಯಿತು’ ಎನ್ನುವವರು ಯಾರು? ಎಲ್ಲರಿಗೂ ಗೊತ್ತಿದ್ದು, ಯಾರು ಬೇಕಾದರೂ ಎತ್ತಿ ಹೇಳಬಹುದಾಗಿದ್ದರೆ ಮಾತ್ರ ಅದು ತಂಡದ ಗಡುವು.

ಗಡಿಯಾರವೇ ಆಗಬೇಕೆಂದಿಲ್ಲ, ಅನ್ನದ ಲೆಕ್ಕವೂ ಆದೀತು. ಧ್ರುವ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್ಟನ್ ಮತ್ತು ಮೂವರು ಸಂಗಾತಿಗಳು 1909ರ ಜನವರಿ 9ರಂದು ದಕ್ಷಿಣ ಧ್ರುವಕ್ಕೆ ಸುಮಾರು 180 ಕಿಲೋಮೀಟರ್ ಇರುವಾಗ ತಿರುಗಿದರು. ಧ್ರುವ ಮುಟ್ಟಬಹುದಿತ್ತೇನೋ, ಮರಳುವಷ್ಟು ಆಹಾರ ಇರಲಿಲ್ಲ. ನಾಲ್ವರೂ ಬದುಕಿದೆಯಾ ಬಡಜೀವವೇ ಎಂದು ಹಿಂದೆ ಬಂದರು. ಸತ್ತ ಸಿಂಹಕ್ಕಿಂತ ಬದುಕಿರುವ ಕತ್ತೆ ವಾಸಿಯಲ್ಲವೇ ಎಂದು ಶ್ಯಾಕಲ್ಟನ್ ಆಮೇಲೆ ಹೆಂಡತಿಗೆ ಹೇಳಿದನಂತೆ.

1996ರ ಆ ದಿನ ಹಾಲ್‌ನ ತಂಡದಲ್ಲೇ ಮೂವರು ಸಾಲಿನಲ್ಲಿ ನಿಂತು ಕೈಗಡಿಯಾರ ನೋಡಿಕೊಂಡರು. ಗಡುವಿನೊಳಗೆ ತಲುಪುವುದಿಲ್ಲ ಎಂದು ಲೆಕ್ಕ ಹಾಕಿ, ಬೆಳಗಿನ ಹನ್ನೊಂದೂವರೆಯ ಸುಮಾರಿಗೆ, ಆಕಾಶ ಇನ್ನೂ ತಿಳಿಯಾಗಿರುವಾಗಲೇ ಇಳಿಯತೊಡಗಿದರು. ಮೂವರೂ ಮನೆಗೆ ಮರಳಿದರು.