ರಿಪೋರ್ಟ್ ಎಲ್ಲ ನಾರ್ಮಲ್, ನೋವು ಮಾತ್ರ ಹೋಗಿಲ್ಲ: ಥೆರಪಿ ಅರ್ಧಕ್ಕೇ ನಿಲ್ಲುವುದೇಕೆ?

ಪ್ರಶ್ನೆ: ಅಮ್ಮನಿಗೆ ಎರಡು ವರ್ಷದಿಂದ ಮೈಕೈ ನೋವು, ಸುಸ್ತು, ಎದೆಯುರಿ. ರಕ್ತಪರೀಕ್ಷೆ, ಎಂಡೋಸ್ಕೋಪಿ, ಸ್ಕ್ಯಾನಿಂಗ್ ಎಲ್ಲವೂ ನಾರ್ಮಲ್. ಮನೋವೈದ್ಯರಲ್ಲಿಗೆ ಮೂರು ಸಲ ಹೋಗಿ ಬಿಟ್ಟುಬಿಟ್ಟರು. ಏನು ಮಾಡುವುದು?

ಉತ್ತರ: ಇಂಥ ಥೆರಪಿ ಎಷ್ಟೋ ಸಲ ಶುರುವಾಗುವ ಮೊದಲೇ ಕೆಟ್ಟಿರುತ್ತದೆ. "ನಿಮಗೇನೂ ಇಲ್ಲಮ್ಮ, ಎಲ್ಲ ಟೆನ್ಷನ್" ಎಂದು ಕಳಿಸಿದರೆ ರೋಗಿಗೆ ಕೇಳಿಸುವುದು "ನೀವು ನಾಟಕ ಆಡ್ತಿದ್ದೀರಿ" ಎಂದೇ. ನೋವು ನಿಜವಾದದ್ದು. ನರವ್ಯವಸ್ಥೆ ಅತಿಸೂಕ್ಷ್ಮವಾದಾಗ ಸಣ್ಣ ಸೆಳೆತವೂ ದೊಡ್ಡ ನೋವಾಗುತ್ತದೆ. ನಿದ್ದೆಗೇಡು, ಚಿಂತೆ, ಸದಾ ಮೈಮೇಲೇ ಇರುವ ಗಮನ ಅದನ್ನು ಇನ್ನಷ್ಟು ಏರಿಸುತ್ತವೆ. ಅಮ್ಮನಿಗೆ ಮೊದಲು ಇದನ್ನು ಹೇಳಿ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್ಎಂ-5 ಕೂಡ ಇಂಥ ತೊಂದರೆಯನ್ನು ಗುರುತಿಸಲು 'ದೈಹಿಕ ಕಾರಣ ಸಿಗದಿರಬೇಕು' ಎಂಬ ಷರತ್ತನ್ನು ಕೈಬಿಟ್ಟಿದೆ. ಸಂಧಿವಾತ ಇದ್ದವರಿಗೂ ಈ ತೊಂದರೆ ಇರಬಹುದು.

ಮಾತ್ರೆಯ ಗೋಳು ಬೇರೆ. ಖಿನ್ನತೆಗೂ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್‌ನಂಥವು ಬಾಯಿ ಒಣಗಿಸುವುದು, ತೂಕಡಿಕೆ ತರುವುದು ಮೊದಲ ವಾರದಲ್ಲೇ. ಗುಣ ಕಾಣುವುದು ಹಲವು ವಾರಗಳ ಮೇಲೆ. ಮೈಯ ಸಣ್ಣ ಬದಲಾವಣೆಗೂ ಬೆಚ್ಚುವವರು ಈ ನಡುವೆಯೇ ಬಿಡುತ್ತಾರೆ. ಅದಕ್ಕೇ ಹಲವು ವೈದ್ಯರು ರಾತ್ರಿ 10 ಮಿ.ಗ್ರಾಂ.ನಿಂದ ಆರಂಭಿಸುತ್ತಾರೆ.

ಮನೆಯಲ್ಲಿ ಎಡವುವುದು ಬೇರೆ ಕಡೆ. ಸ್ವಲ್ಪ ಹಗುರಾದ ದಿನ ಮನೆ ತೊಳೆದು, ಹೊದಿಕೆಗಳನ್ನೆಲ್ಲ ಒಗೆದು, ಮರುದಿನದಿಂದ ಮೂರು ದಿನ ಮಲಗುವುದು. ಆಮೇಲೆ "ಥೆರಪಿಯಿಂದ ಏನೂ ಆಗಲಿಲ್ಲ" ಎನ್ನುವುದು. ಎರಡು ವಾರ ಡೈರಿ ಬರೆಸಿ. ಕೆಟ್ಟ ದಿನದಲ್ಲೂ ಎಷ್ಟು ಹೊತ್ತು ನಡೆಯಬಲ್ಲರು ಎಂಬುದು ಅದರಲ್ಲಿ ಸಿಗುತ್ತದೆ. ಅದು ಹತ್ತು ನಿಮಿಷವಾದರೆ ಒಳ್ಳೆಯ ದಿನವೂ ಹತ್ತೇ ನಿಮಿಷ. ವಾರಕ್ಕೊಮ್ಮೆ ಒಂದೆರಡು ನಿಮಿಷ ಏರಿಸಿ. ಆದರೆ ಸ್ವಲ್ಪ ದಣಿದರೂ ದಿನಗಟ್ಟಲೆ ಮೇಲೇಳಲಾಗದವರಿಗೆ ಹೀಗೆ ಏರಿಸಬಾರದು. ಆ ದೀರ್ಘ ದಣಿವಿನ ಕಾಯಿಲೆಗೆ ಇಂಥ ವ್ಯಾಯಾಮ ಬೇಡವೆಂದು ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಹೇಳಿದೆ.

'ನೋವು ಪೂರ್ತಿ ಹೋಗಬೇಕು' ಎಂಬ ಗುರಿ ಇಟ್ಟರೆ ಮೂರನೇ ಭೇಟಿಗೇ ನಿರಾಶೆ. 'ಸಂತೆಗೆ ಹೋಗಿಬರುವುದು' ಎಂದಿಟ್ಟುಕೊಳ್ಳಿ.

ಡಾಕ್ಟರನ್ನು ಬದಲಿಸುತ್ತಲೇ ಇರುವುದೂ ಕೆಡುಕೇ: ಪ್ರತಿಯೊಬ್ಬರೂ ಹೊಸ ಸ್ಕ್ಯಾನ್, ಇಲ್ಲವೇ ಡ್ರಿಪ್. ಒಬ್ಬರೇ ವೈದ್ಯರನ್ನು ಹಿಡಿದು, ನೋವು ಇರಲಿ ಬಿಡಲಿ, ನಾಲ್ಕಾರು ವಾರಕ್ಕೊಮ್ಮೆ ನಿಗದಿತ ದಿನ ತೋರಿಸಿ. ತೂಕ ಇಳಿದರೆ, ಜ್ವರ ಬಿಡದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕೈಕಾಲಿನ ಶಕ್ತಿ ಕುಂದಿದರೆ, ನಡೆದಾಗ ಎದೆ ಹಿಡಿದುಕೊಂಡರೆ ಮಾತ್ರ ಆ ದಿನಕ್ಕೆ ಕಾಯಬೇಡಿ.